ಬಯೋಡೇಟಾದ ಮೂಲೆಯ ಪೆನ್ಸಿಲ್ ಗುರುತು

(ಹಾಸನದಲ್ಲಿ ನೌಕರರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ‘ಪಿತೃತ್ವ ರಜೆ’. ನಿಮ್ಮ ಕರೆಯೋಲೆಯನ್ನು ನನ್ನ ಅಮ್ಮನಿಗೆ ತೋರಿಸಿದ್ದೆ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಆಮೇಲೆ, “ಪಿತೃಪಕ್ಷಕ್ಕೂ ರಜೆ ಕೊಡ್ತಾರೇನೇ ಈಗ?” ಅಂತ ಕೇಳಿದರು.

ನಗಬೇಡಿ, ಅವರ ತಪ್ಪಿಲ್ಲ. ಹೆಂಗಸರದ್ದು ‘ಹೆರಿಗೆ ರಜೆ’. ಯಾರಿಗೆ ಹೇಳಿದರೂ ಗೊತ್ತಾಗುತ್ತದೆ. ಗಂಡಸರ ರಜೆಗೆ ಮಾತ್ರ ನಮ್ಮ ಆಡುಮಾತಿನಲ್ಲಿ ಹೆಸರೇ ಹುಟ್ಟಿಲ್ಲ. ಸರ್ಕಾರಿ ಕಡತದಲ್ಲಿ ಪಿತೃತ್ವ ರಜೆ, ಬೆಂಗಳೂರಿನ ಆಫೀಸಿನಲ್ಲಿ ಪೆಟರ್ನಿಟಿ ಲೀವ್. ನಾನು ಇವತ್ತು ಸುಮ್ನೆ ‘ಅಪ್ಪನ ರಜೆ’ ಅನ್ನುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ನಾನು ಎಚ್‌ಆರ್ ಕೆಲಸ ಮಾಡಿದ್ದೇನೆ. ಫ್ಯಾಕ್ಟರಿಗಳಲ್ಲಿ, ಆಮೇಲೆ ಸಾಫ್ಟ್‌ವೇರ್ ಕಂಪನಿಗಳಲ್ಲಿ. ಶುರುವಿನ ವರ್ಷಗಳಲ್ಲಿ ಇಂಟರ್‌ವ್ಯೂಗೆ ಬಂದವರ ಬಯೋಡೇಟಾದ ಬಲಮೂಲೆಯಲ್ಲಿ ನಾನು ಪೆನ್ಸಿಲ್‌ನಲ್ಲಿ ಒಂದು ಸಣ್ಣ ಸೊನ್ನೆ ಹಾಕುತ್ತಿದ್ದೆ. ಹೊಸದಾಗಿ ಮದುವೆಯಾದವಳು, ಅಥವಾ ಸದ್ಯದಲ್ಲೇ ಆಗುವವಳು ಅಂತ ಅರ್ಥ. ಯಾರೂ ಹಾಗೆ ಮಾಡು ಅಂತ ಬರೆದುಕೊಟ್ಟಿರಲಿಲ್ಲ. ಮೇಲಿನವರು ಫೈಲ್ ತಿರುವಿ ಹಾಕುವಾಗ ಅವರ ಕಣ್ಣು ಮೊದಲು ಆ ಮೂಲೆಗೇ ಹೋಗುತ್ತಿತ್ತು, ಅಷ್ಟೇ. ಸೊನ್ನೆ ಇದ್ದ ಹಾಳೆ ಕೆಳಗೆ ಹೋಗುತ್ತಿತ್ತು. ಆಮೇಲೆ ನಾನೇ ರಬ್ಬರ್ ತೆಗೆದುಕೊಂಡು ಅಳಿಸಿ ಫೈಲಿಗೆ ಸೇರಿಸುತ್ತಿದ್ದೆ.

ನಾನೂ ಒಬ್ಬ ಹೆಂಗಸು. ನನಗೂ ಆಗ ಮೂರು ವರ್ಷದ ಮಗಳಿದ್ದಳು. ಆದರೂ ಹಾಕಿದೆ.

ಗಂಡು ಹುಡುಗರ ಹಾಳೆಗೆ ಒಂದು ದಿನವೂ ಆ ಸೊನ್ನೆ ಹಾಕಲಿಲ್ಲ. ಯಾಕೆ ಹಾಕಬೇಕು? ಹುಡುಗ ಮದುವೆಯಾದರೆ ‘ಸೆಟಲ್ ಆದ, ಇನ್ನು ಕೆಲಸ ಬಿಟ್ಟು ಹೋಗಲ್ಲ’ ಅನ್ನುತ್ತಿದ್ದೆವು. ಅದೇ ಮದುವೆ, ಅದೇ ಮಗು. ಒಬ್ಬರಿಗೆ ಅದು ಗ್ಯಾರಂಟಿ ಕಾರ್ಡ್, ಇನ್ನೊಬ್ಬರಿಗೆ ಸೊನ್ನೆ.

ಇದು ನಮ್ಮ ಮನಸ್ಸಿನ ಕೊಳಕು ಮಾತ್ರ ಆಗಿದ್ದರೆ ಒಳ್ಳೆಯ ಭಾಷಣಗಳಿಂದ ತೊಳೆಯಬಹುದಿತ್ತು. ಇದರ ಹಿಂದೆ ದುಡ್ಡಿನ ಲೆಕ್ಕವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಹೆರಿಗೆ ಸೌಲಭ್ಯ ಕಾಯ್ದೆ 1961ರದ್ದು. ಆಗ ಹನ್ನೆರಡು ವಾರ ರಜೆ. 2017ರಲ್ಲಿ ತಿದ್ದುಪಡಿ ಮಾಡಿ ಮೊದಲ ಎರಡು ಮಕ್ಕಳಿಗೆ 26 ವಾರ ಮಾಡಿದರು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಸೇರಿಸಿದರು. ಒಳ್ಳೆಯ ಕಾನೂನು. ಎಷ್ಟೋ ಮುಂದುವರಿದ ದೇಶಗಳಲ್ಲಿ ಇಷ್ಟು ಪೂರ್ತಿ ಸಂಬಳದ ರಜೆ ಇಲ್ಲ. ನಾವು ಎಚ್‌ಆರ್‌ನವರು ಅವತ್ತು ಸಿಹಿ ಹಂಚಿದ್ದೆವು. ಮಾರನೇ ವಾರವೇ ಒಂದು ಮೀಟಿಂಗ್ ನಡೆಯಿತು. ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಒಬ್ಬರು ಗುಣಿಸುತ್ತಾ ಕೂತರು. ತಿಂಗಳಿಗೆ ನಲವತ್ತು ಸಾವಿರ ಸಂಬಳದವಳಾದರೆ ಆರು ತಿಂಗಳಿಗೆ ಎರಡು ಲಕ್ಷದ ನಲವತ್ತು ಸಾವಿರ. ಅವಳ ಜಾಗಕ್ಕೆ ತಾತ್ಕಾಲಿಕವಾಗಿ ಬರುವವರ ಸಂಬಳ ಬೇರೆ.

ಯಾಕೆಂದರೆ ಈ ದುಡ್ಡು ಸರ್ಕಾರದಿಂದ ಬರುವುದಿಲ್ಲ. ಕೊಡುವುದು ಮಾಲೀಕ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುವವರದ್ದು ಬೇರೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇಎಸ್‌ಐಗೆ ಬರುತ್ತಾರೆ. ಅವರ ಹೆರಿಗೆ ರಜೆಯ ಹಣ ಇಎಸ್‌ಐ ನಿಧಿಯಿಂದ ಬರುತ್ತದೆ. ಆ ನಿಧಿಗೆ ಮಾಲೀಕರು ಸಂಬಳದ ಶೇ 3.25, ಕೆಲಸಗಾರರು ಶೇ 0.75 ಕಟ್ಟುತ್ತಾರೆ. ಗಂಡಸರ ಸಂಬಳದಿಂದಲೂ ಕಟ್ಟುತ್ತಾರೆ, ಹೆಂಗಸರ ಸಂಬಳದಿಂದಲೂ ಕಟ್ಟುತ್ತಾರೆ. ಅಂದರೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮೇಲೆ ಕೂತವಳು ಹೆರಿಗೆಗೆ ಹೋದರೆ ಮಾಲೀಕನ ಜೇಬಿನಿಂದ ನೇರವಾಗಿ ರಜೆಯ ಸಂಬಳ ಹೋಗುವುದಿಲ್ಲ. ಅದಕ್ಕಿಂತ ಸ್ವಲ್ಪ ಮೇಲಿನ ಸಂಬಳದ ಅಕೌಂಟೆಂಟ್, ಸೂಪರ್‌ವೈಸರ್, ಎಂಜಿನಿಯರ್ ಹೋದರೆ ಪೂರ್ತಿ ಹೋಗುತ್ತದೆ. ಪೆನ್ಸಿಲ್ ಕೆಲಸ ಮಾಡುವುದು ಇಲ್ಲಿ. ಹೆಣ್ಣುಮಕ್ಕಳು ಓದಿ ಮೇಲಕ್ಕೆ ಬರುವ ಮೆಟ್ಟಿಲಿನಲ್ಲೇ.

ಸರಿ, ಅಪ್ಪನಿಗೆ ಏನಿದೆ?

ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಐದನೇ ವೇತನ ಆಯೋಗದ ಕಾಲದಲ್ಲಿ, 1997ರಲ್ಲಿ ಬಂದದ್ದು. ನಮ್ಮ ರಾಜ್ಯ ಸರ್ಕಾರಿ ನೌಕರರಿಗೂ 15 ದಿನ. ಖಾಸಗಿಯವರಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ ಅಪ್ಪಂದಿರ ರಜೆಗೆ ಅಂತಲೇ ಒಂದು ಖಾಸಗಿ ಸದಸ್ಯರ ಮಸೂದೆ ತಂದರು. ಅದು ಕಾನೂನಾಗಲಿಲ್ಲ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಹಳೆಯ ಹೆರಿಗೆ ಕಾಯ್ದೆ ಅದರೊಳಗೆ ಸೇರಿತು. ಅಪ್ಪ ಸೇರಲಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ಕೊಡುತ್ತವೆ. ಜೊಮ್ಯಾಟೊ 2019ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 26 ವಾರ ಅಂತ ಘೋಷಿಸಿತು. ಪೇಪರಿನಲ್ಲೆಲ್ಲ ಬಂತು. ಆದರೆ ಅದು ಆಫೀಸಿನಲ್ಲಿ ಕೂರುವ ನೌಕರರಿಗೆ. ಊಟದ ಚೀಲ ಹೊತ್ತು ಬೈಕ್‌ನಲ್ಲಿ ಬರುವ ಹುಡುಗ ಕಾಗದದ ಮೇಲೆ ನೌಕರನೇ ಅಲ್ಲವಲ್ಲ.

ಆ 15 ದಿನದ ನಿಯಮದಲ್ಲೇ ಒಂದು ತಮಾಷೆ ಇದೆ. ಕೇಂದ್ರದ ನಿಯಮದ ಪ್ರಕಾರ ಈ ರಜೆಯನ್ನು ಹೆರಿಗೆಗೆ ಹದಿನೈದು ದಿನ ಮೊದಲಿನಿಂದ ಹಿಡಿದು ಮಗು ಹುಟ್ಟಿದ ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದಿದ್ದರೆ ಹೋಯಿತು. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ತಾಯಿಯ ಹೆರಿಗೆ ರಜೆ 180 ದಿನ, ಅದೂ ಆರು ತಿಂಗಳು. ಲೆಕ್ಕ ಹಾಕಿ ನೋಡಿ. ಅಮ್ಮ ಮತ್ತೆ ಆಫೀಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ಅಪ್ಪನ ರಜೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಮಗುವಿಗೆ ಯಾರು ಬೇಕೋ ಅಂತ ಮನೆಯಲ್ಲಿ ತಲೆ ಚಚ್ಚಿಕೊಳ್ಳುವ ವಾರ ಅದು.

ಇನ್ನೊಂದು. ಕೇಂದ್ರದ ನೌಕರಿಯಲ್ಲಿ ಹೆಂಗಸರಿಗೆ ಶಿಶುಪಾಲನಾ ರಜೆ ಅಂತ ಇಡೀ ಸೇವೆಯಲ್ಲಿ 730 ದಿನ ಇದೆ. ಗಂಡಸರಿಗೂ ಕೊಡುತ್ತಾರೆ, ಆದರೆ ಒಂಟಿ ಅಪ್ಪನಿಗೆ ಮಾತ್ರ. ಹೆಂಡತಿ ತೀರಿಕೊಂಡಿರಬೇಕು, ವಿಚ್ಛೇದನ ಆಗಿರಬೇಕು, ಇಲ್ಲವೇ ಮದುವೆಯೇ ಆಗಿರಬಾರದು. ಹೆಂಡತಿ ಬದುಕಿದ್ದು ಜೊತೆಗಿದ್ದರೆ ಗಂಡಸು ಮಗುವನ್ನು ನೋಡಿಕೊಳ್ಳುವ ಅಗತ್ಯವಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ಹಾಗೆ ಆಯಿತು. ‘ಗಂಡಸಿಗೇಕೆ ಗೌರಿ ದುಃಖ’ ಅನ್ನೋ ಗಾದೆ ಈಗ ನಿಯಮಾವಳಿಯೊಳಗೂ ಇದೆ.

ಈಗ ನಮ್ಮ ಮನೆಗಳಿಗೆ ಬರುತ್ತೇನೆ. ಸ್ವೀಡನ್, ನಾರ್ವೆ ಕಡೆಯ ಪಾಠವನ್ನು ಇಲ್ಲಿಗೆ ಹಾಗೇ ತಂದರೆ ನಡೆಯುವುದಿಲ್ಲ. ನಮ್ಮಲ್ಲಿ ತವರು ಅಂತ ಒಂದು ಇದೆ.

ಏಳನೇ ತಿಂಗಳಲ್ಲಿ ಸೀಮಂತ, ಉತ್ತರ ಕರ್ನಾಟಕದ ಕಡೆ ಕುಬುಸ. ಅದು ಮುಗಿದ ಮೇಲೆ ಹುಡುಗಿ ತವರಿಗೆ ಹೋಗುತ್ತಾಳೆ. ಮೊದಲ ಹೆರಿಗೆ ಅಲ್ಲೇ. ಬಾಣಂತನ ಮೂರು ತಿಂಗಳು, ಕೆಲವು ಮನೆಗಳಲ್ಲಿ ಐದು. ಬಾಣಂತನ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಹಂಡೆ ನೀರಿನ ಸ್ನಾನ, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಧಾರವಾಡದ ಕಡೆಯ ಅಂಟಿನುಂಡೆ. ಕಾನೂನು ಕಣ್ಣು ಬಿಡುವುದಕ್ಕೆ ಎಷ್ಟೋ ಮೊದಲೇ ಹೆತ್ತವಳಿಗೆ ವಿಶ್ರಾಂತಿ ಕೊಟ್ಟ ಏರ್ಪಾಡು ಅದು. ನಾನೂ ಮಾಡಿಸಿಕೊಂಡಿದ್ದೇನೆ. ಆ ಸ್ನಾನದ ನಿದ್ದೆ ಮತ್ತೆ ಯಾವತ್ತೂ ಬಂದಿಲ್ಲ.

ಆದರೆ ಆ ಏರ್ಪಾಡಿನಲ್ಲಿ ಅಪ್ಪನಿಗೆ ಎಲ್ಲಿ ಜಾಗ?

ನನ್ನ ತಮ್ಮನ ಹೆಂಡತಿಯ ತವರು ಶಿವಮೊಗ್ಗದ ಕಡೆ. ಮಗು ಹುಟ್ಟಿದ ಮೇಲೆ ಪ್ರತಿ ಶನಿವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಹೋಗುತ್ತಿದ್ದ. ಅಳಿಯಂದಿರು ಬಂದರು ಅಂತ ಹಾಲ್‌ನಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು. ಆಮೇಲೆ ಅತ್ತೆ ಮಗುವನ್ನು ತಂದು ತೊಡೆ ಮೇಲೆ ಮಲಗಿಸಿ “ಕತ್ತು ಜೋಪಾನ” ಅನ್ನುತ್ತಿದ್ದರು. ಹತ್ತು ನಿಮಿಷ. ಮಗು ಸ್ವಲ್ಪ ಮುಖ ಹಿಂಡಿದರೆ ಸಾಕು, ಒಳಗಿಂದ ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಭಾನುವಾರ ರಾತ್ರಿ ಮತ್ತೆ ಬಸ್. ಒಂದು ಸಲ ನನಗೆ ಫೋನ್ ಮಾಡಿ, “ಅಕ್ಕಾ, ಮ್ಯೂಸಿಯಂಗೆ ಹೋಗಿ ಬಂದ ಹಾಗಿದೆ ಕಣೇ. ನೋಡಬಹುದು, ಮುಟ್ಟೋ ಹಾಗಿಲ್ಲ” ಅಂದ.

ಐದು ತಿಂಗಳಿಗೆ ಮಗು ಬೆಂಗಳೂರಿಗೆ ಬಂತು. ಇವನು ಎತ್ತಿಕೊಂಡರೆ ಜೋರು ಅಳು. ಹೆಂಡತಿ ಎತ್ತಿಕೊಂಡರೆ ಸುಮ್ಮನಾಗುತ್ತಿತ್ತು. ಮನೆಯವರೆಲ್ಲ ಸೇರಿ “ನೋಡಿ, ಮಗುವಿಗೆ ತಾಯೀನೇ ಬೇಕು” ಅಂತ ತೀರ್ಪು ಕೊಟ್ಟೆವು. ತಾಯ್ತನ ಹೆಣ್ಣಿಗೆ ಹುಟ್ಟುತ್ತಲೇ ಬರುತ್ತೆ ಅನ್ನುತ್ತೇವೆ. ಏನೂ ಬರುವುದಿಲ್ಲ. ಮಗುವಿಗೆ ಸ್ನಾನ ಮಾಡಿಸುವುದು, ತೇಗು ಬರಿಸುವುದು, ಹೊಟ್ಟೆನೋವಿನ ಅಳು ಯಾವುದು ನಿದ್ದೆಯ ಅಳು ಯಾವುದು ಅಂತ ಗುರುತಿಸುವುದು, ಇದೆಲ್ಲ ಬಾಣಂತಿ ಕೋಣೆಯಲ್ಲಿ ಅವಳಮ್ಮ ಕಲಿಸಿದ್ದು. ಐದು ತಿಂಗಳ ತರಬೇತಿ ಮುಗಿಸಿ ಬಂದವಳ ಪಕ್ಕದಲ್ಲಿ ಹೊರಗಿನವನೊಬ್ಬ ನಿಂತಿದ್ದ, ಅಷ್ಟೇ. ಅವತ್ತು ಯಾರ ಕೈ ಪಳಗಿತ್ತೋ ಮುಂದಿನ ಹದಿನೈದು ವರ್ಷ ಅವರದ್ದೇ ಕೈ. ಶಾಲೆಯಿಂದ ಫೋನ್ ಬಂದರೆ ಯಾರು ಓಡಬೇಕು, ಜ್ವರ ಬಂದರೆ ಯಾರು ರಜೆ ಹಾಕಬೇಕು, ಎಲ್ಲ ಆ ಐದು ತಿಂಗಳಲ್ಲೇ ತೀರ್ಮಾನವಾಗಿ ಹೋಗಿರುತ್ತದೆ.

ಅಂದ ಹಾಗೆ, ಪುರುಡು ಅಂತ ಹತ್ತು ದಿನ ನಾವು ಅಪ್ಪನಿಗೆ ದೇವರ ಮನೆಯಿಂದ ರಜೆ ಕೊಟ್ಟಿದ್ದೆವು. ಆಫೀಸಿನಿಂದ ಕೊಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹಾಗಾಗಿ ನಮ್ಮಲ್ಲಿ ಅಪ್ಪನ ರಜೆ ಹೆರಿಗೆಯ ವಾರದಲ್ಲಿ ಮಾತ್ರ ಇದ್ದರೆ ಆಸ್ಪತ್ರೆ ಓಡಾಟಕ್ಕೆ, ಜನನ ಪತ್ರಕ್ಕೆ, ತೊಟ್ಟಿಲ ಶಾಸ್ತ್ರದ ಅಡುಗೆಯವರನ್ನು ಹುಡುಕುವುದಕ್ಕೆ ಮುಗಿದುಹೋಗುತ್ತದೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ದೊಡ್ಡ ಭಾಗ ಆಮೇಲೆ ಬರಬೇಕು. ಅಮ್ಮ ಕೆಲಸಕ್ಕೆ ಮರಳುವ ದಿನ ಅಪ್ಪ ಮನೆಯಲ್ಲಿ ಕೂರಬೇಕು. ಅತ್ತೆಯೂ ಇರಬಾರದು, ಹೆಂಡತಿಯೂ ಇರಬಾರದು. ಅವನು ಮತ್ತು ಮಗು.

ಸ್ವೀಡನ್ ಇದನ್ನು ಕಲಿತದ್ದು ಇಪ್ಪತ್ತು ವರ್ಷ ಸೋತ ಮೇಲೆ. ಆ ಕಥೆ ನನಗೆ ತುಂಬಾ ಇಷ್ಟ. 1974ರಲ್ಲಿ ಅವರು ಹೆರಿಗೆ ರಜೆ ಅನ್ನುವುದನ್ನೇ ತೆಗೆದುಹಾಕಿ ಪೋಷಕರ ರಜೆ ಅಂತ ಮಾಡಿದರು. ಯಾರು ಬೇಕಾದರೂ ತೆಗೆದುಕೊಳ್ಳಿ, ಅಪ್ಪನೋ ಅಮ್ಮನೋ. ಜಗತ್ತಿನಲ್ಲೇ ಮೊದಲು. ಮೊದಲ ವರ್ಷ ಗಂಡಸರು ತೆಗೆದುಕೊಂಡದ್ದು ಎಷ್ಟು ಗೊತ್ತಾ? ಒಟ್ಟು ದಿನಗಳಲ್ಲಿ ನೂರಕ್ಕೆ ಒಂದೂ ಇಲ್ಲ. ಸರ್ಕಾರ ಪೋಸ್ಟರ್ ಹಾಕಿಸಿತು. ಲೆನ್ನಾರ್ಟ್ ದಾಲ್‌ಗ್ರೆನ್ ಅಂತ ಒಬ್ಬ ದಢೂತಿ ವೇಯ್ಟ್ ಲಿಫ್ಟರ್, ಅವನ ತೋಳಿನಲ್ಲಿ ಒಂದು ಪುಟಾಣಿ ಕೂಸು. ಗಂಡಸ್ತನಕ್ಕೇನೂ ಧಕ್ಕೆ ಬರಲ್ಲ ಕಣ್ರಪ್ಪಾ ಅಂತ ಅರ್ಥ. ಪೋಸ್ಟರ್ ಬಹಳ ಹೆಸರು ಮಾಡಿತು. ಅಪ್ಪಂದಿರು ಮಾತ್ರ ಅಷ್ಟು ಸುಲಭಕ್ಕೆ ಅಲುಗಾಡಲಿಲ್ಲ.

ಯಾಕೆ? ‘ಇಬ್ಬರಲ್ಲಿ ಯಾರಾದರೂ’ ಅಂದರೆ ಯಾವ ದೇಶದಲ್ಲೂ ಅದು ಅಮ್ಮನೇ. ಇವನ ಸಂಬಳ ಜಾಸ್ತಿ, ಅವಳದು ಕಡಿಮೆ, ಹಾಗಾಗಿ ಅವಳೇ ಮನೆಯಲ್ಲಿರಲಿ. ಅವಳು ಮನೆಯಲ್ಲಿದ್ದದ್ದಕ್ಕೆ ಅವಳ ಸಂಬಳ ಇನ್ನೂ ಕಡಿಮೆ. ಎರಡನೇ ಮಗುವಿಗೆ ಮತ್ತೆ ಅದೇ ಲೆಕ್ಕ.

1995ರಲ್ಲಿ ಕಾನೂನು ಬದಲಾಯಿತು. ಬೆಂಗ್ಟ್ ವೆಸ್ಟರ್‌ಬರಿ ಅನ್ನುವ ಮಂತ್ರಿ ಹಟ ಹಿಡಿದು ಮಾಡಿಸಿದ್ದು. ಒಂದು ತಿಂಗಳು ಅಪ್ಪನಿಗೆ ಅಂತಲೇ ಮೀಸಲು. ಹೆಂಡತಿಗೆ ಬಿಟ್ಟುಕೊಡುವ ಹಾಗಿಲ್ಲ. ತೆಗೆದುಕೊಳ್ಳದಿದ್ದರೆ ಮನೆಗೇ ನಷ್ಟ. ಅಲ್ಲಿನ ಜನ ಅದಕ್ಕೆ ‘ಅಪ್ಪನ ತಿಂಗಳು’ ಅಂತಲೇ ಹೆಸರಿಟ್ಟರು. 2002ರಲ್ಲಿ ಎರಡು ತಿಂಗಳಾಯಿತು, 2016ರಲ್ಲಿ ಮೂರು. ಈಗ ಒಟ್ಟು 480 ದಿನದ ರಜೆಯಲ್ಲಿ ಗಂಡಸರ ಪಾಲು ಹೆಚ್ಚುಕಡಿಮೆ ಶೇ 30. ನಮ್ಮ ಜನಕ್ಕೆ ಬಿಟ್ಟಿ ಸಿಕ್ಕಿದ್ದನ್ನು ಕಳೆದುಕೊಳ್ಳುವುದು ಎಷ್ಟು ಸಂಕಟವೋ ಅವರಿಗೂ ಅಷ್ಟೇ ಅಂತ ಕಾಣುತ್ತದೆ. ಮುಖ್ಯವಾದ ಇನ್ನೊಂದು ಮಾತು: ಈ ಹಣ ಕೊಡುವುದು ಮಾಲೀಕನಲ್ಲ, ಸಾಮಾಜಿಕ ವಿಮೆಯ ಇಲಾಖೆ. ನಮ್ಮ ಇಎಸ್‌ಐ ಇದ್ದ ಹಾಗೆ, ಆದರೆ ಎಲ್ಲರಿಗೂ.

ಬರೀ ಕಾನೂನು ಸಾಕಾ? ಸಾಲದು ಅನ್ನುವುದಕ್ಕೆ ಜಪಾನ್ ಇದೆ. ಕಾಗದದ ಮೇಲೆ ಜಪಾನಿನ ಅಪ್ಪನ ರಜೆ ಜಗತ್ತಿನಲ್ಲೇ ಉದಾರವಾದವುಗಳಲ್ಲಿ ಒಂದು, ಹತ್ತಿರ ಹತ್ತಿರ ಒಂದು ವರ್ಷ. ಆದರೆ 2012ರ ಹೊತ್ತಿಗೂ ತೆಗೆದುಕೊಳ್ಳುತ್ತಿದ್ದ ಗಂಡಸರು ನೂರಕ್ಕೆ ಎರಡೂ ಇರಲಿಲ್ಲ. ರಜೆ ಕೇಳಿದರೆ ಮೇಲಿನವನು ಮುಖ ಗಂಟು ಹಾಕುತ್ತಾನೆ, ಜೊತೆಯವರ ಮೇಲೆ ಕೆಲಸ ಬೀಳುತ್ತದೆ, ಬಡ್ತಿ ಹೋಗುತ್ತದೆ. 2020ರಲ್ಲಿ ಪರಿಸರ ಮಂತ್ರಿ ಶಿಂಜಿರೊ ಕೊಯಿಜುಮಿ ಎರಡು ವಾರ ತೆಗೆದುಕೊಂಡಿದ್ದೇ ದೇಶಕ್ಕೆಲ್ಲ ದೊಡ್ಡ ಸುದ್ದಿ. ಅದೂ ಬಿಡಿ ಬಿಡಿಯಾಗಿ ಮೂರು ತಿಂಗಳಲ್ಲಿ ಹಂಚಿಕೊಂಡು. ಆಮೇಲೆ ಅಲ್ಲಿನ ಸರ್ಕಾರ ಎರಡು ಕೆಲಸ ಮಾಡಿತು. ಮಗು ಬರುತ್ತಿದೆ ಅಂತ ನೌಕರ ತಿಳಿಸಿದರೆ ‘ರಜೆ ಬೇಕಾ’ ಅಂತ ಕಂಪನಿಯೇ ಕೇಳಬೇಕು. ಮತ್ತೆ ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಎಷ್ಟು ಅಪ್ಪಂದಿರು ರಜೆ ತೆಗೆದುಕೊಂಡರು ಅನ್ನುವುದನ್ನು ವರ್ಷವರ್ಷ ಬಹಿರಂಗ ಮಾಡಬೇಕು ಅಂತ 2023ರಲ್ಲಿ ನಿಯಮ ಬಂತು. 2023ರ ಹೊತ್ತಿಗೆ ಅದು ಶೇ 30 ದಾಟಿತು. ಕೇಳುವ ಸಂಕೋಚ ನೌಕರನಿಂದ ಕಂಪನಿಗೆ ವರ್ಗವಾಯಿತು ನೋಡಿ. ಸಣ್ಣ ವಿಷಯ, ಆದರೆ ನನ್ನ ಕಸುಬಿನವಳಾಗಿ ಹೇಳುತ್ತೇನೆ, ಅರ್ಧ ಗೆಲುವು ಅಲ್ಲೇ.

ನಮ್ಮ ಹುಡುಗರಿಗೆ ಈ ದೇಶಗಳ ಕಥೆ ಹೇಳಿದರೆ ಆಕಳಿಸುತ್ತಾರೆ. ಅದಕ್ಕೆ ನಾನು ಕ್ರಿಕೆಟ್‌ಗೆ ಬರುತ್ತೇನೆ. 1976ರಲ್ಲಿ ಗವಾಸ್ಕರ್ ಮಗ ಹುಟ್ಟಿದಾಗ ಅವರು ನ್ಯೂಜಿಲೆಂಡ್‌ನಲ್ಲಿದ್ದರು, ಅಲ್ಲಿಂದ ತಂಡದ ಜೊತೆ ವೆಸ್ಟ್ ಇಂಡೀಸ್‌ಗೆ ಹೋದರು. ಮಗನ ಮುಖ ನೋಡಿದ್ದು ಪ್ರವಾಸ ಮುಗಿದ ಮೇಲೆ. 2015ರಲ್ಲಿ ಧೋನಿಗೆ ಮಗಳು ಹುಟ್ಟಿದಾಗ ಅವರು ವಿಶ್ವಕಪ್‌ಗಾಗಿ ಆಸ್ಟ್ರೇಲಿಯಾದಲ್ಲಿದ್ದರು, ಬರಲಿಲ್ಲ. ಜನ ಮೆಚ್ಚಿದರು. 2020ರ ಡಿಸೆಂಬರ್‌ನಲ್ಲಿ ಕೊಹ್ಲಿ ಅಡಿಲೇಡ್ ಟೆಸ್ಟ್ ಮುಗಿಸಿ ಹೆಂಡತಿಯ ಹೆರಿಗೆಗೆ ಅಂತ ಮನೆಗೆ ಬಂದರು. ತಂಡ 36 ರನ್ನಿಗೆ ಆಲೌಟ್ ಆಗಿದ್ದ ಹೊತ್ತು, ಬೈದವರು ಒಬ್ಬರಾ ಇಬ್ಬರಾ! ಆಮೇಲೆ ರಹಾನೆ ಮುಂದಾಳತ್ವದಲ್ಲಿ ಆ ಸರಣಿಯನ್ನು ಗೆದ್ದೇ ಬಂದರು. ಇನ್ನು ನಮ್ಮ ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್. 2025ರ ಮಾರ್ಚ್‌ನಲ್ಲಿ ಮಗಳು ಹುಟ್ಟಿದ ದಿನ ಅವರ ಹೊಸ ಐಪಿಎಲ್ ತಂಡದ ಮೊದಲ ಪಂದ್ಯವಿತ್ತು. ಆಡಲಿಲ್ಲ. ಯಾರೂ ಗೊಣಗಲಿಲ್ಲ, ಶುಭಾಶಯ ಹೇಳಿದರು. ಹತ್ತು ವರ್ಷದಲ್ಲಿ ಇಷ್ಟು ಬದಲಾಗಿದೆ. ಅವರು ಕೋಟಿಗಳ ಆಟಗಾರರು, ಒಂದು ಪಂದ್ಯ ಬಿಟ್ಟರೆ ಮನೆ ಬಾಡಿಗೆಗೆ ತೊಂದರೆಯಿಲ್ಲ ಅನ್ನುವುದು ಬೇರೆ ಮಾತು.

ಇಲ್ಲಿ ಒಬ್ಬರು ಶಿಕ್ಷಕಿ ಎದ್ದು ನಿಂತರು. “ಮೇಡಂ, ನಮ್ಮ ಗಂಡಸರಿಗೆ ತಿಂಗಳು ರಜೆ ಕೊಟ್ಟರೆ ಮೊಬೈಲ್ ಹಿಡ್ಕೊಂಡು ಮಲಗ್ತಾರೆ. ಅವರಿಗೂ ಮೂರು ಹೊತ್ತು ಬೇಯಿಸಿ ಹಾಕೋರು ಯಾರು?” ಸಭೆಯಲ್ಲಿ ಜೋರು ಚಪ್ಪಾಳೆ, ಹೆಂಗಸರದ್ದು.

ಈ ಅನುಮಾನ ಬರೀ ತಮಾಷೆಯದ್ದಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ. ಕೈಯೇ ಹಾಕದವರು ಈ ಲೆಕ್ಕದಲ್ಲಿಲ್ಲ.

ಇನ್ನೂ ಒಂದು ಕಹಿ ಉದಾಹರಣೆ ಅಮೆರಿಕದ್ದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಕಾಯಂ ಆಗಬೇಕಾದರೆ ಇಷ್ಟು ವರ್ಷದೊಳಗೆ ಇಷ್ಟು ಸಂಶೋಧನೆ ಪ್ರಕಟಿಸಬೇಕು ಅಂತಿದೆ. ಮಗು ಹುಟ್ಟಿದರೆ ಒಂದು ವರ್ಷ ಹೆಚ್ಚಿಗೆ ಕೊಡುತ್ತಾರೆ. ಸಮಾನತೆ ಇರಲಿ ಅಂತ ಅಪ್ಪಂದಿರಿಗೂ ಕೊಟ್ಟರು. ದೊಡ್ಡ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳಲ್ಲಿ ಏನಾಯಿತು ಅಂತ ಆಮೇಲೆ ಲೆಕ್ಕ ಹಾಕಿದರು. 2018ರಲ್ಲಿ ಆ ಸಂಶೋಧನೆ ಪ್ರಕಟವಾಯಿತು. ಗಂಡಸರು ಕಾಯಂ ಆಗುವುದು ಜಾಸ್ತಿಯಾಯಿತು, ಹೆಂಗಸರದ್ದು ಕಡಿಮೆಯಾಯಿತು! ಅಮ್ಮಂದಿರು ಆ ವರ್ಷ ಮಗುವನ್ನು ನೋಡಿಕೊಂಡರು, ಅಪ್ಪಂದಿರು ಪೇಪರ್ ಬರೆದರು.

ಹಾಗಾಗಿ ಆ ಶಿಕ್ಷಕಿಗೆ ನಾನು ಹೇಳಿದ್ದು ಇಷ್ಟು. ನೀವು ಹೇಳಿದ್ದು ನಿಜ. ಇಬ್ಬರೂ ಒಟ್ಟಿಗೆ ಮನೆಯಲ್ಲಿದ್ದರೆ ಗಂಡಸು ಅತಿಥಿಯಾಗುತ್ತಾನೆ. ಅದಕ್ಕೇ ನೀವು ಮನೆಯಲ್ಲಿ ಇರಬಾರದು ಅಂದದ್ದು. ನೀವು ಶಾಲೆಗೆ ಹೊರಟ ಮೇಲೆ ಮಗು ಎಂಟು ಗಂಟೆ ಮೊಬೈಲ್ ನೋಡುವುದಕ್ಕೆ ಬಿಡುವುದಿಲ್ಲ. ಆ ವಿಷಯದಲ್ಲಿ ಮಗುವಿನ ಮೇಲೆ ನನಗೆ ಪೂರ್ತಿ ನಂಬಿಕೆ.

ಸ್ಪೇನಿನಲ್ಲಿ 2007ರಲ್ಲಿ ಅಪ್ಪಂದಿರಿಗೆ ಎರಡು ವಾರ ರಜೆ ಕೊಟ್ಟರು. ಇಬ್ಬರು ಅರ್ಥಶಾಸ್ತ್ರಜ್ಞೆಯರು ಆಮೇಲೆ ನೋಡಿದಾಗ ಒಂದು ವಿಚಿತ್ರ ಸಿಕ್ಕಿತು. ಆ ರಜೆ ಸಿಕ್ಕ ಮನೆಗಳಲ್ಲಿ ಅಪ್ಪಂದಿರು ಮಗುವಿನ ಕೆಲಸ ಹೆಚ್ಚು ಮಾಡುತ್ತಿದ್ದರು. ಜೊತೆಗೆ, ಎರಡನೇ ಮಗು ಹುಟ್ಟುವುದು ತಡವಾಗುತ್ತಿತ್ತು. ಕಾರಣ ಏನೇನಿದೆಯೋ. ಎಷ್ಟು ಮಕ್ಕಳು ಬೇಕು ಅಂತ ಗಂಡಸರನ್ನು ಕೇಳಿದರೆ ಅವರು ಹೇಳುವ ಸಂಖ್ಯೆ ಮಾತ್ರ ಇಳಿದಿತ್ತು. ಮಗು ಸಾಕುವುದು ಏನು ಅಂತ ಗೊತ್ತಾಯಿತಲ್ಲ!

ಇನ್ನೊಬ್ಬರು, ಸಣ್ಣ ಉದ್ಯಮ ನಡೆಸುವವರು, ಕೇಳಿದರು: “ನನ್ನ ಹತ್ರ ಇರೋದು ಹದಿನಾಲ್ಕು ಜನ. ಅವರೂ ರಜೆ, ಇವರೂ ರಜೆ ಅಂದ್ರೆ ಬಾಗಿಲು ಹಾಕ್ಬೇಕಾ?” ಮೊನ್ನೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 12 ದಿನ ಮುಟ್ಟಿನ ರಜೆ ಅಂತ ಬಂದಾಗಲೂ ಇದೇ ಮಾತು ಕೇಳಿಬಂತು, ‘ಇನ್ನು ಹೆಂಗಸರನ್ನು ಯಾರು ತಗೋತಾರೆ’ ಅಂತ. ನಾನು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಅದನ್ನೇ ಪೆನ್ಸಿಲ್‌ನಲ್ಲಿ ಬರೆದವಳು ನಾನು. ಹದಿನಾಲ್ಕು ಜನರ ಮಾಲೀಕನ ತಲೆಗೆ ಪೂರ್ತಿ ಖರ್ಚು ಕಟ್ಟುವುದು ಅನ್ಯಾಯ. ಇಎಸ್‌ಐ ತರಹ ಎಲ್ಲ ಸಂಬಳಗಳಿಂದ ಚೂರು ಚೂರು ಸೇರಿದ ನಿಧಿಯಿಂದಲೇ ಅಮ್ಮನ ರಜೆಯ ಹಣ, ಅಪ್ಪನ ರಜೆಯ ಹಣ ಎರಡೂ ಬರಬೇಕು. ಅಲ್ಲಿಯವರೆಗೆ ಹೆಂಗಸರಿಗೆ ಏನೇ ಹೊಸ ಹಕ್ಕು ಕೊಟ್ಟರೂ ಅದರ ಬಿಲ್ಲು ಮತ್ತೆ ಹೆಂಗಸಿನ ಬಯೋಡೇಟಾದ ಮೂಲೆಗೇ ಬರುತ್ತದೆ.

ಅಪ್ಪನ ರಜೆಯೊಂದರಿಂದ ಸಂಬಳದ ಅಂತರ ಮಾಯವಾಗುತ್ತದೆ ಅಂತ ನಾನು ಹೇಳುವುದಿಲ್ಲ. ಸ್ವೀಡನ್ನಿನಲ್ಲೂ ಆಗಿಲ್ಲ. ಡೆನ್ಮಾರ್ಕ್‌ನ ಅಂಕಿಅಂಶ ಹಿಡಿದು ಮಾಡಿದ ಒಂದು ಹೆಸರಾಂತ ಸಂಶೋಧನೆ ಇದೆ. ಮೊದಲ ಮಗು ಹುಟ್ಟುವ ತನಕ ಗಂಡು ಹೆಣ್ಣಿನ ಗಳಿಕೆಯ ಗೆರೆಗಳು ಜೊತೆಜೊತೆಗೆ ಹೋಗುತ್ತವೆ. ಮಗು ಹುಟ್ಟಿದ ವರ್ಷ ಹೆಣ್ಣಿನ ಗೆರೆ ಧಡಕ್ಕನೆ ಬೀಳುತ್ತದೆ, ಎಷ್ಟೋ ವರ್ಷವಾದರೂ ಸುಮಾರು ಶೇ 20 ಕೆಳಗೇ ಉಳಿಯುತ್ತದೆ. ಗಂಡಿನ ಗೆರೆಯಲ್ಲಿ ಮಗು ಹುಟ್ಟಿದ ಸುಳಿವೇ ಇಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಕ್ಲಾಡಿಯಾ ಗೋಲ್ಡಿನ್ ಜೀವಮಾನವಿಡೀ ಅಧ್ಯಯನ ಮಾಡಿದ್ದು ಹೆಂಗಸರ ದುಡಿಮೆ, ಗಳಿಕೆಯ ಇಂಥ ಏರಿಳಿತಗಳನ್ನೇ. ನನ್ನ ಆಸೆ ಸಣ್ಣದು. ಇಪ್ಪತ್ತೆಂಟರ ಹುಡುಗಿ, ಇಪ್ಪತ್ತೆಂಟರ ಹುಡುಗ ನನ್ನ ಮುಂದೆ ಕೂತಾಗ ‘ಇವರೂ ಮುಂದೆ ಮೂರು ತಿಂಗಳು ರಜೆ ಹೋಗಬಹುದು’ ಅನ್ನುವ ಅನುಮಾನ ಇಬ್ಬರ ಬಗ್ಗೆಯೂ ಬರಬೇಕು. ಆಗ ಸೊನ್ನೆ ಹಾಕುವುದಕ್ಕೆ ಅರ್ಥವಿರುವುದಿಲ್ಲ.

ಕೊನೆಯದಾಗಿ ನಾನು ಕೆಲಸ ಮಾಡಿದ ಒಂದು ಫ್ಯಾಕ್ಟರಿಯ ವಿಷಯ. ಅಲ್ಲಿ ಬಹಳ ಜಗ್ಗಾಡಿ ಅಪ್ಪಂದಿರಿಗೆ ನಾಲ್ಕು ವಾರ ರಜೆ ಮಾಡಿಸಿದೆವು, ಮಗುವಿಗೆ ಒಂದು ವರ್ಷವಾಗುವುದರೊಳಗೆ ಯಾವಾಗ ಬೇಕಾದರೂ. ಮೊದಲ ವರ್ಷ ಒಂದೇ ಒಂದು ಅರ್ಜಿ ಬರಲಿಲ್ಲ. ಕ್ಯಾಂಟೀನಿನಲ್ಲಿ ‘ಬಾಣಂತಿ ಲೀವು’ ಅಂತ ನಗುತ್ತಿದ್ದರು. ಎರಡನೇ ವರ್ಷ ಅರ್ಜಿಯನ್ನೇ ತಿರುಗಿಸಿಬಿಟ್ಟೆವು. ಮಗು ಹುಟ್ಟಿದ ಸುದ್ದಿ ಬಂದರೆ ರಜೆಯ ತಾರೀಕು ನಾವೇ ಕೇಳುವುದು, ಬೇಡ ಅನ್ನುವವರು ಯಾಕೆ ಬೇಡ ಅಂತ ಬರೆದುಕೊಡುವುದು. ಅದೇ ವರ್ಷ ಪ್ಲಾಂಟ್ ಮ್ಯಾನೇಜರ್ ತಮ್ಮ ಎರಡನೇ ಮಗುವಿಗೆ ನಾಲ್ಕು ವಾರವೂ ತೆಗೆದುಕೊಂಡರು. ಆಮೇಲೆ ನಗು ನಿಂತಿತು, ಅರ್ಜಿ ಶುರುವಾಯಿತು.

ಅಸೆಂಬ್ಲಿ ಲೈನಿನ ಒಬ್ಬ ಸೂಪರ್‌ವೈಸರ್ ಇದ್ದರು. ಇನ್ನೂರು ಜನರನ್ನು ಕಣ್ಣಲ್ಲೇ ನಡೆಸುತ್ತಿದ್ದ ಮನುಷ್ಯ. ಹೆಂಡತಿ ಬ್ಯಾಂಕ್ ಕೆಲಸಕ್ಕೆ ಮರಳಿದ ದಿನದಿಂದ ಇವರ ರಜೆ. ಮಗುವಿಗೆ ಏಳು ತಿಂಗಳು. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಫೋನ್ ಬಂತು.

“ಮೇಡಂ, ಲೈನ್ ಹೇಗೆ ನಡೀತಿದೆ?”

“ಚೆನ್ನಾಗಿ ನಡೀತಿದೆ.”

“ಬೇಕಾದ್ರೆ ನಾಳೆಯಿಂದಲೇ ಬರ್ತೀನಿ ಮೇಡಂ. ಉಳಿದ ರಜೆ ಕ್ಯಾನ್ಸಲ್ ಮಾಡಿದ್ರೂ ಪರವಾಗಿಲ್ಲ.”

“ಬೇಡ. ಎಲ್ಲ ಸರಿಯಾಗಿದೆ.”

ಹಿಂದೆ ಮಗು ಕಿರುಚುತ್ತಿತ್ತು. ಏನೋ ಸೀದು ಹೋದ ಹಾಗೆ ಪಾತ್ರೆ ಕೆರೆಯುವ ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ಇಳಿಸಿ ಕೇಳಿದರು: “ಮೇಡಂ, ರಾಗಿ ಸರಿ ಗಂಟು ಗಂಟಾಗ್ತಿದೆ. ಏನ್ ಮಾಡ್ಬೇಕು?”

ಮೊದಲು ತಣ್ಣೀರಿನಲ್ಲಿ ಕಲಸಿಕೊಂಡು ಆಮೇಲೆ ಒಲೆ ಮೇಲೆ ಇಡಿ, ಕೈ ಬಿಡದೆ ತಿರುವುತ್ತಾ ಇರಿ ಅಂತ ಹೇಳಿ ಫೋನ್ ಇಟ್ಟೆ.